ಮಾತೃಸೇವೆ: ನಿತ್ಯವೋ, ನೈಮಿತ್ತಿಕವೋ?



ಪ್ರವಚನ ಮುಗಿದು ತೀರ್ಥಪ್ರಸಾದಕ್ಕಾಗಿ ಸಾಲಿನಲ್ಲಿ ನಿಂತಿರುವಾಗ ಗೃಹಸ್ಥರು ಪರಸ್ಪರ ಆಡಿಕೊಳ್ಳುವ ಮಾತುಗಳಲ್ಲಿ ಒಂದು ಪದೇಪದೇ ಕಿವಿಗೆ ಬೀಳುತ್ತದೆ. “ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಹೊರಗೆ ಹತ್ತು ಕೆಲಸ. ಯಾವುದನ್ನು ಹಿಡಿಯೋಣ, ಯಾವುದನ್ನು ಬಿಡೋಣ?” ಎಂಬುದೇ ಆ ಮಾತು. ಮೇಲುನೋಟಕ್ಕೆ ಇದು ಲೌಕಿಕವಾದ ಅಳಲಿನಂತೆ ತೋರಿದರೂ ವಿಚಾರಿಸಿ ನೋಡಿದರೆ ಧರ್ಮಶಾಸ್ತ್ರದ ಪ್ರಶ್ನೆಯೇ ಆಗಿದೆ. ಎರಡು ಕರ್ತವ್ಯಗಳು ಏಕಕಾಲದಲ್ಲಿ ಒದಗಿದಾಗ ಯಾವುದು ಪ್ರಬಲ, ಯಾವುದು ದುರ್ಬಲ ಎಂಬುದನ್ನು ನಿರ್ಣಯಿಸುವುದೇ ಆ ಶಾಸ್ತ್ರದ ಕೆಲಸವಷ್ಟೆ. ಆದುದರಿಂದ ಈ ಸಲದ ಪಾಠವನ್ನು ಈ ವಿಷಯಕ್ಕೇ ಮೀಸಲಿಡಲಾಗಿದೆ.

ವಿಷಯ

ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರುಗಳ ನಮ್ಮ ಮನೆತನಗಳಲ್ಲಿ ಇಡೀ ಕುಟುಂಬವು ಒಂದೇ ಊರಿನಲ್ಲಿ ನೆಲೆಸಿರುವುದು ಈಗ ಅಪರೂಪ. ನಮ್ಮ ಮನೆಯನ್ನೇ ಹೇಳುವುದಾದರೆ, ಮಾತೃಶ್ರೀಯವರು ಇರುವುದು ತುಂಗಭದ್ರಾತೀರದ ಹೊನ್ನಾಳಿಯಲ್ಲಿ. ಅಕ್ಕನನ್ನು ಕೊಟ್ಟಿರುವುದು ಅಡಕೆಯ ಸೀಮೆಯಾದ ಚನ್ನಗಿರಿಗೆ. ನನ್ನ ಮನೆಯಾಕೆಯ ತವರು ಮಳೆ ಕಡಿಮೆಯಾದ ಜಗಳೂರು. ಬೆಳಗಿನ ಪೂಜೆ ಮುಗಿಸಿಕೊಂಡು ನಾನು ಲೆಕ್ಕ ಬರೆಯಲು ಹೋಗುವುದು ನ್ಯಾಮತಿಗೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮುನ್ನ ಹೊನ್ನಾಳಿ, ಚನ್ನಗಿರಿಗಳವರು ಜಿಲ್ಲಾ ಕಚೇರಿಯ ಕೆಲಸಕ್ಕೆ ಶಿವಮೊಗ್ಗೆಗೂ ಜಗಳೂರಿನವರು ಚಿತ್ರದುರ್ಗಕ್ಕೂ ಹೋಗುತ್ತಿದ್ದರು. ಈಗ ಎಲ್ಲರೂ ದಾವಣಗೆರೆಗೆ ಹೋಗಬೇಕು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲೂಕಾದ ಬಳಿಕ ಆ ಕಡೆ ಜಮೀನುಳ್ಳವರಿಗೆ ಕಾಗದಪತ್ರಕ್ಕೆ ಮತ್ತೊಂದು ಊರು ಸೇರಿಕೊಂಡಿತು. ಹೀಗೆ ಪಹಣಿಗೆ ಒಂದು ಊರು, ಆಸ್ಪತ್ರೆಗೆ ಒಂದು ಊರು, ಲಗ್ನಪತ್ರಿಕೆ ಹಂಚಲು ನಾಲ್ಕು ಊರು. ಇವುಗಳ ನಡುವೆ ಬಸ್ಸಿನಲ್ಲಿ ಕುಳಿತೇ ಗೃಹಸ್ಥನ ಹಗಲು ಕಳೆದುಹೋಗುತ್ತದೆ. ತಾಯಿಯಾದರೋ ಬಾಗಿಲ ಬಳಿ ಕುಳಿತು ದಾರಿ ನೋಡುತ್ತಿರುತ್ತಾರೆ.

ಈ ಪಾಠವನ್ನು ಬರೆಯುವ ಯೋಗ್ಯತೆ ನನಗೆ ಪಾಂಡಿತ್ಯದಿಂದ ಬಂದುದಲ್ಲ, ಒಂದು ತಪ್ಪಿನಿಂದ ಬಂದುದು. ಅದನ್ನು ಮುಚ್ಚಿಡದೆ ಹೇಳುವುದೇ ಉಚಿತ.

ಕಳೆದ ವರ್ಷದ ಆಷಾಢ ಶುದ್ಧ ಏಕಾದಶಿಯಂದು ಮುದ್ರಾಧಾರಣೆಗೆ ಬಂದ ಜನರ ವ್ಯವಸ್ಥೆಯಲ್ಲಿ ನಾನು ಬೆಳಗಿನಿಂದ ನಿರತನಾಗಿದ್ದೆ. ಮನೆಯಾಕೆ ತನ್ನ ತಾಯಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದ್ದುದರಿಂದ ಜಗಳೂರಿಗೆ ಹೋಗಿದ್ದಳು. ಮಧ್ಯಾಹ್ನ ಮನೆಗೆ ಬಂದು ಬಾಗಿಲಲ್ಲೇ ನಿಂತು, “ಅಮ್ಮಾ, ಆರಾಮಾಗಿದ್ದೀಯಾ?” ಎಂದೆ. “ನನಗೇನಾಗಿದೆಯೋ? ನೀನು ಹೋಗಿ ಬಾ” ಎಂದರು. ದ್ವಾದಶಿಯ ಪಾರಣೆಯ ಸಾಮಾನು ತರಲು ನ್ಯಾಮತಿಗೆ ಹೋದೆ. ಅಲ್ಲಿದ್ದಾಗಲೇ ಅಕ್ಕನ ಮನೆಯ ಜಮೀನಿನ ಕಾಗದದ ವಿಷಯವಾಗಿ ಚನ್ನಗಿರಿಯಿಂದ ಫೋನು ಬಂದು, ಅದನ್ನೂ ಮುಗಿಸಿ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಮನೆಯಲ್ಲಿ ದೀಪವಿರಲಿಲ್ಲ. ಮಾತೃಶ್ರೀಯವರು ದೇವರಮನೆಯ ಗೋಡೆಗೆ ಒರಗಿದ್ದರು. ಮೈಯೆಲ್ಲ ಬೆವೆತಿತ್ತು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ನನ್ನನ್ನು ನಮ್ಮ ತೀರ್ಥರೂಪರ ಹೆಸರಿನಿಂದ ಕರೆದರು.

ಅವರಿಗೆ ಎಪ್ಪತ್ತಾರು ವರ್ಷ, ಸಕ್ಕರೆ ಕಾಯಿಲೆ ಉಂಟು. ಔಷಧದಿಂದ ವ್ರತಭಂಗವಿಲ್ಲವೆಂದು ಕೇಳಿ ತಿಳಿದಿದ್ದ ಅವರು ಬೆಳಿಗ್ಗೆ ಮಾತ್ರೆಯನ್ನು ತಪ್ಪದೆ ನುಂಗಿದ್ದರು. ಅನಂತರ ನೀರನ್ನೂ ಮುಟ್ಟಿರಲಿಲ್ಲ. ಮಾತ್ರೆಯುಂಟು, ಆಹಾರವಿಲ್ಲ. ರಕ್ತದಲ್ಲಿನ ಸಕ್ಕರೆ ಇಳಿದುಹೋಗಿತ್ತು. ನೆರೆಯವರ ಸೂಚನೆಯಂತೆ ಸಕ್ಕರೆಯ ನೀರನ್ನು ಗುಟುಕು ಗುಟುಕಾಗಿ ಕುಡಿಸಿ, ವೈದ್ಯರಲ್ಲಿಗೆ ಕರೆದೊಯ್ದೆವು. ಶ್ರೀಹರಿವಾಯುಗುರುಗಳ ಕೃಪೆಯಿಂದ ಆ ರಾತ್ರಿಯೇ ಚೇತರಿಸಿಕೊಂಡರು. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: “ಬೆಳಿಗ್ಗೆಯಿಂದ ಇವರ ಹತ್ತಿರ ಯಾರಿದ್ದರು?” ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಆ ದಿನ ನಾನು ಮಾಡಿದ ಕೆಲಸಗಳಲ್ಲಿ ಕೆಟ್ಟದ್ದು ಯಾವುದೂ ಇರಲಿಲ್ಲ. ದೇವಕಾರ್ಯವಿತ್ತು, ಪಾರಣೆಯ ಸಿದ್ಧತೆಯಿತ್ತು, ಅಕ್ಕನಿಗೆ ನೆರವಿತ್ತು. ಆದರೂ ತಪ್ಪಾಯಿತು. ಏಕೆ ಎಂಬುದೇ ವಿಚಾರಣೀಯ.

ಪೂರ್ವಪಕ್ಷ

ಇಲ್ಲಿ ಮೂರು ವಿಧವಾಗಿ ಆಕ್ಷೇಪಿಸಬಹುದು. ಮೊದಲನೆಯದಾಗಿ, ಕುಟುಂಬಕಾರ್ಯವೂ ತಾಯಿಯ ಸೇವೆಯೇ. ಮಗನು ದುಡಿಯದೆ ಮನೆಯಲ್ಲಿ ಕುಳಿತರೆ ತಾಯಿಗೆ ಅನ್ನವೆಲ್ಲಿ, ಔಷಧವೆಲ್ಲಿ? ಎರಡನೆಯದಾಗಿ, ಸೇವೆಯನ್ನು ಸೊಸೆಯಿಂದಲೋ ಆಳಿನಿಂದಲೋ ಮಾಡಿಸಿದರೆ ಸಾಕು, ಮಗನೇ ಮಾಡಬೇಕೆಂಬ ನಿಯಮವಿಲ್ಲ. ಮೂರನೆಯದಾಗಿ, ತಾಯಿಯೇ “ಹೋಗಿ ಬಾ” ಎಂದು ಅಪ್ಪಣೆ ಕೊಟ್ಟಿರುವಾಗ ಹೋದವನಿಗೆ ದೋಷವೆಲ್ಲಿಂದ ಬಂದೀತು?

ಶ್ರುತಿಯ ನಿರ್ಣಯ

ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ವೇದಾಧ್ಯಯನ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶವು ಎಲ್ಲರಿಗೂ ತಿಳಿದುದೇ. ತಾಯಿಯನ್ನು ದೇವತಾಬುದ್ಧಿಯಿಂದ ಕಾಣಬೇಕೆಂಬ ವಿಧಿಯು ಅದರಲ್ಲಿದೆ. ಆದರೆ ಅದರ ಹಿಂದುಮುಂದಿನ ಮಾತುಗಳನ್ನು ನಾವು ಗಮನಿಸುವುದು ಕಡಿಮೆ. ಸಂತತಿಯ ತಂತುವನ್ನು ಕಡಿಯಬಾರದು, ಕ್ಷೇಮದ ವಿಷಯದಲ್ಲಿಯೂ ಐಶ್ವರ್ಯದ ವಿಷಯದಲ್ಲಿಯೂ ಅಲಕ್ಷ್ಯ ಮಾಡಬಾರದು, ದೇವಪಿತೃಕಾರ್ಯಗಳನ್ನು ಬಿಡಬಾರದು ಎಂದು ಹೇಳಿದ ಮೇಲೆ ಅದೇ ಉಸಿರಿನಲ್ಲಿ ತಾಯಿಯ ಮಾತು ಬರುತ್ತದೆ. ತಂದೆ, ಆಚಾರ್ಯ, ಅತಿಥಿಗಳಿಗಿಂತಲೂ ತಾಯಿಯೇ ಮೊದಲು. ಇದರಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ಸಂಸಾರದ ಕೆಲಸವು ತಾಯಿಯ ಸೇವೆಗೆ ಶತ್ರುವಲ್ಲ, ಎರಡೂ ಒಬ್ಬನಿಗೇ ವಿಧಿಸಲ್ಪಟ್ಟಿವೆ. ಆದರೆ ಒಂದನ್ನು ಮಾಡಿದ ಮಾತ್ರದಿಂದ ಇನ್ನೊಂದು ಮಾಡಿದಂತಾಗುವುದಿಲ್ಲ. ಹಾಗಾಗುವುದಿದ್ದಲ್ಲಿ ಬೇರೆ ಬೇರೆಯಾಗಿ ವಿಧಿಸುವ ಅಗತ್ಯವೇನಿತ್ತು? ಇದು ಮೊದಲನೆಯ ಆಕ್ಷೇಪಕ್ಕೆ ಸಮಾಧಾನ.

ಇಲ್ಲಿ ನಮ್ಮ ಸಿದ್ಧಾಂತಕ್ಕೆ ಅನುಗುಣವಾದ ಅನುಸಂಧಾನವನ್ನೂ ನೆನಪಿಡತಕ್ಕದ್ದು. ತಾಯಿಯು ಪರಮಾತ್ಮನಿಂದ ಭಿನ್ನಳಾದ ಜೀವಳು. ಆಕೆಯಲ್ಲಿ ಅಂತರ್ಯಾಮಿಯಾಗಿ ನಿಂತಿರುವ, ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಗೆ ನಮ್ಮ ಸೇವೆಯು ಸಲ್ಲುತ್ತದೆ. ಹೀಗೆ ತಿಳಿದು ಮಾಡಿದರೆ ತಾಯಿಯ ಕಾಲೊತ್ತುವುದೂ ಪೂಜೆಯೇ. ಹಾಗೆ ತಿಳಿದವನು ದೇವರಮನೆಯಲ್ಲಿ ಘಂಟೆ ಬಾರಿಸುತ್ತ, ಪಕ್ಕದ ಕೋಣೆಯಿಂದ ಬರುವ ಕ್ಷೀಣವಾದ ಕರೆಯನ್ನು ಕೇಳಿಯೂ ಕೇಳದಂತಿರಲಾರನು.

ದೃಷ್ಟಾಂತ

ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯರು ಧರ್ಮರಾಜನಿಗೆ ಹೇಳಿದ ಕೌಶಿಕನ ಉಪಾಖ್ಯಾನವು ಈ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. ಕೌಶಿಕನೆಂಬ ಬ್ರಾಹ್ಮಣನು ಮರದಡಿಯಲ್ಲಿ ವೇದವನ್ನು ಪಠಿಸುತ್ತಿರುವಾಗ ಮೇಲಿದ್ದ ಕೊಕ್ಕರೆಯು ಹಿಕ್ಕೆ ಹಾಕಿತು. ಅವನು ಸಿಟ್ಟಿನಿಂದ ನೋಡಲು ಅದು ಸತ್ತು ಬಿದ್ದಿತು. ಅನಂತರ ಭಿಕ್ಷೆಗೆ ಹೋದ ಮನೆಯಲ್ಲಿ ಗೃಹಿಣಿಯು ಪತಿಯ ಉಪಚಾರ ಮುಗಿಸಿ ತಡವಾಗಿ ಬಂದಳು. ಕೋಪಗೊಂಡ ಅವನಿಗೆ ಆಕೆಯು ತಾನು ಕೊಕ್ಕರೆಯಲ್ಲವೆಂದು ನೆನಪಿಸಿ, ಧರ್ಮದ ಸೂಕ್ಷ್ಮವನ್ನು ತಿಳಿಯಬೇಕಾದರೆ ಮಿಥಿಲೆಯ ವ್ಯಾಧನ ಬಳಿಗೆ ಹೋಗೆಂದಳು. ಆ ವ್ಯಾಧನು ಮಾಂಸದಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುತ್ತಿದ್ದನು. ಧರ್ಮೋಪದೇಶವನ್ನು ಮಾಡಿದ ಬಳಿಕ ಅವನು ಕೌಶಿಕನನ್ನು ಒಳಗೆ ಕರೆದೊಯ್ದು, ಊಟ ಮುಗಿಸಿ ಬಿಳಿಯ ವಸ್ತ್ರವುಟ್ಟು ಕುಳಿತಿದ್ದ ತನ್ನ ವೃದ್ಧ ಮಾತಾಪಿತೃಗಳನ್ನು ತೋರಿಸಿ, ಇವರೇ ತನಗೆ ದೇವತೆಗಳೆಂದನು.

ಆ ವ್ಯಾಧನ ದಿನಚರಿಯನ್ನು ನೋಡಿರಿ. ಅಂಗಡಿಯನ್ನು ಅವನು ಮುಚ್ಚಲಿಲ್ಲ. ಹೆಂಡತಿ ಮಕ್ಕಳೊಡನೆ ಕೂಡಿ ಶುಶ್ರೂಷೆ ಮಾಡುತ್ತೇನೆಂದು ಹೇಳಿದನು. ಆದರೆ ಮೂರು ಕೆಲಸಗಳನ್ನು ಮಾತ್ರ ತನ್ನ ಕೈಯಿಂದಲೇ ಮಾಡುತ್ತೇನೆಂದನು: ಸ್ನಾನ ಮಾಡಿಸುವುದು, ಕಾಲು ತೊಳೆಯುವುದು, ಆಹಾರ ಕೊಡುವುದು. ಅದರ ಜೊತೆಗೆ ಅವರಿಗೆ ಹಿತವಾದ ಮಾತನ್ನಾಡುತ್ತೇನೆ, ಅಪ್ರಿಯವಾದುದನ್ನು ಬಿಡುತ್ತೇನೆ ಎಂದನು. ಎರಡನೆಯ ಆಕ್ಷೇಪಕ್ಕೆ ಇದೇ ಸಮಾಧಾನ. ಹಂಚಿಕೊಳ್ಳತಕ್ಕ ಭಾಗವೂ ಉಂಟು, ಹಂಚಲಾಗದ ಭಾಗವೂ ಉಂಟು. ಸಾಮಾನು ತರುವುದನ್ನು ಯಾರಿಗೆ ಬೇಕಾದರೂ ಒಪ್ಪಿಸಬಹುದು. ತಾಯಿಯ ತಟ್ಟೆಯ ಮುಂದೆ ಕುಳಿತು, “ಇವತ್ತು ಯಾಕೆ ಅನ್ನ ಉಳಿಸಿದೆ?” ಎಂದು ಕೇಳುವುದನ್ನು ಒಪ್ಪಿಸಲಾಗದು.

ಕಥೆಯ ಕೊನೆಯು ನಮಗೆ ಇನ್ನೂ ಮುಖ್ಯ. ಕೌಶಿಕನು ವೇದಾಧ್ಯಯನದ ಆಸೆಯಿಂದ ತಂದೆತಾಯಿಗಳ ಅನುಮತಿಯಿಲ್ಲದೆ ಮನೆ ಬಿಟ್ಟವನು. ಅವನ ಶೋಕದಿಂದ ಅವರು ಕುರುಡಾಗಿದ್ದರು. ವ್ಯಾಧನು ಅವನಿಗೆ, ಹಿಂದಿರುಗಿ ಹೋಗಿ ಅವರನ್ನು ಸಂತೋಷಪಡಿಸೆಂದು ಹೇಳಿದನು. ಕೌಶಿಕನು ಬಿಟ್ಟುಹೋದದ್ದು ಯಾವ ದುಷ್ಕಾರ್ಯಕ್ಕಾಗಿಯೂ ಅಲ್ಲ, ವೇದಕ್ಕಾಗಿ. ಆದರೂ ಅದು ದೋಷವೆನಿಸಿತು. ಏಕಾದಶಿಯ ನನ್ನ ದಿನಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಶ್ರೀಮದಾಚಾರ್ಯರ ಚರಿತ್ರೆಯಲ್ಲಿಯೂ ಇದರ ಕುರುಹು ಇದೆ. ಸಂನ್ಯಾಸಕ್ಕೆ ಮನಸ್ಸು ಮಾಡಿದ ವಾಸುದೇವನು, ತಂದೆತಾಯಿಗಳ ದುಃಖವನ್ನು ಕಂಡು, ಅವರನ್ನು ನೋಡಿಕೊಳ್ಳಲು ತಮ್ಮನೊಬ್ಬನು ಹುಟ್ಟುವವರೆಗೆ ತಡೆದು, ತಾಯಿಯ ಒಪ್ಪಿಗೆಯನ್ನು ಪಡೆದೇ ಆಶ್ರಮವನ್ನು ಸ್ವೀಕರಿಸಿದರೆಂದು ನಾರಾಯಣಪಂಡಿತಾಚಾರ್ಯರ ಸುಮಧ್ವವಿಜಯದಿಂದ ತಿಳಿಯುತ್ತದೆ. ಜಗದ್ಗುರುಗಳೇ ಬದಲಿ ವ್ಯವಸ್ಥೆಯಾಗದೆ ಹೊರಡಲಿಲ್ಲವೆಂದ ಮೇಲೆ, ದಿನಸಿ ತರಲು ಹೊರಟ ನಾವು ಮನೆಯಲ್ಲಿ ಒಬ್ಬರನ್ನು ಇರಿಸಿ ಹೋಗಬೇಡವೇ?

ಸಿದ್ಧಾಂತ

ಕರ್ಮಗಳು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರು ವಿಧ. ಸಂಧ್ಯಾವಂದನೆಯು ನಿತ್ಯ. ಶ್ರಾದ್ಧ, ಗ್ರಹಣಸ್ನಾನಾದಿಗಳು ನೈಮಿತ್ತಿಕ. ಫಲಾಪೇಕ್ಷೆಯಿಂದ ಮಾಡುವಂಥದು ಕಾಮ್ಯ. ಶ್ರಾದ್ಧವಿದೆಯೆಂದು ಯಾರೂ ಅಂದು ಸಂಧ್ಯಾವಂದನೆಯನ್ನು ಬಿಡುವುದಿಲ್ಲ. ನಮ್ಮ ದೋಷವಿರುವುದು ಇಲ್ಲಿಯೇ. ತಾಯಿಯ ಆರೈಕೆಯನ್ನು ನಾವು ನೈಮಿತ್ತಿಕವೆಂದು ಎಣಿಸಿದ್ದೇವೆ. ಜ್ವರ ಬಂದರೆ ಓಡಿಬರುತ್ತೇವೆ, ಬಿದ್ದರೆ ಆಸ್ಪತ್ರೆಗೆ ಒಯ್ಯುತ್ತೇವೆ. ನಿಮಿತ್ತವಿಲ್ಲದ ದಿನ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿ ಹೊರಡುತ್ತೇವೆ. ವಾಸ್ತವವಾಗಿ ಅದು ನಿತ್ಯಕರ್ಮ. ಮದುವೆ, ಜಮೀನು, ಕಚೇರಿಗಳ ಓಡಾಟವೇ ನೈಮಿತ್ತಿಕ ಅಥವಾ ಕಾಮ್ಯ.

ನಿತ್ಯಕರ್ಮಕ್ಕೆ ನಿಯತವಾದ ಕಾಲವುಂಟು. ಸಂಧ್ಯೆಯ ಕಾಲ ಮೀರಿದರೆ ಪ್ರಾಯಶ್ಚಿತ್ತಾರ್ಘ್ಯವನ್ನು ಕೊಡಬೇಕು. ತಾಯಿಯ ಊಟಕ್ಕೂ ಮಾತ್ರೆಗೂ ಕಾಲವುಂಟು. ಅದು ಮೀರಿದರೆ ಯಾವ ಅರ್ಘ್ಯದಿಂದಲೂ ಸರಿಹೋಗದು. ಉಳಿದ ಸಮಯದಲ್ಲಿ ತಾಯಿಯ ಸೇವೆ ಎಂಬುದನ್ನು ಬಿಟ್ಟು, ತಾಯಿಯ ಕಾಲವನ್ನು ಮೊದಲು ಗೊತ್ತುಮಾಡಿ, ಉಳಿದ ಸಮಯದಲ್ಲಿ ಓಡಾಟವೆಂದು ತಿರುಗಿಸಿಕೊಂಡರೆ ಪ್ರಶ್ನೆಯು ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಇನ್ನು ಮೂರನೆಯ ಆಕ್ಷೇಪ. ತಾಯಿಯ “ಹೋಗಿ ಬಾ” ಎಂಬುದು ಅಪ್ಪಣೆಯೆನ್ನುವುದಕ್ಕಿಂತ ಮಗನಿಗೆ ಹೊರೆಯಾಗಬಾರದೆಂಬ ಸಂಕೋಚವೆನ್ನುವುದು ಸರಿ. ಬಾಗಿಲಲ್ಲಿ ನಿಂತು ಕೇಳಿದವನಿಗೆ ಅದೇ ಉತ್ತರ ಸಿಗುತ್ತದೆ. ಹತ್ತಿರ ಕುಳಿತು ಕೈ ಹಿಡಿದು ಕೇಳಿದವನಿಗೆ ಬೇರೆ ಉತ್ತರ ಸಿಗುತ್ತದೆ.

ಆಚರಣೆ

ಇನ್ನು ಅನುಷ್ಠಾನದ ಅಂಶಗಳು.

ಒಂದು: ಏಕಾದಶಿ. ಎಂಟು ವರ್ಷ ಮೀರಿ ಎಂಬತ್ತು ತುಂಬದವರಿಗೆ ಉಪವಾಸವೆಂಬ ಸ್ಮೃತಿವಚನವನ್ನು ಹಿರಿಯರು ಹೇಳುತ್ತಾರೆ. ಆದರೆ ಅಶಕ್ತರಿಗೂ ರೋಗಿಗಳಿಗೂ ಅನುಕಲ್ಪವುಂಟು. ನೀರು, ಗೆಡ್ಡೆಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ ಎಂಬ ಎಂಟರಿಂದ ವ್ರತಭಂಗವಿಲ್ಲವೆಂದು ಮಹಾಭಾರತದ ಉದ್ಯೋಗಪರ್ವದಲ್ಲಿ ಹೇಳಿದೆ. ಆ ಘಟನೆಯ ಬಳಿಕ ಮಾತೃಶ್ರೀಯವರು, “ನಲವತ್ತು ವರ್ಷದ ವ್ರತ ಮುರಿಸಿದೆಯಲ್ಲೋ” ಎಂದು ಕಣ್ಣೀರಿಟ್ಟರು. ನನ್ನ ಮಾತಿಗೆ ಅವರು ಒಪ್ಪಲಿಲ್ಲ. ಮಠದ ವೃದ್ಧ ವಿದ್ವಾಂಸರು ಮನೆಗೆ ದಯಮಾಡಿಸಿ, ಆ ಎಂಟರಲ್ಲಿ ಗುರುವಿನ ಮಾತೂ ಒಂದೆಂದು ತಿಳಿಸಿ ಹೇಳಿದ ಮೇಲೆ ಹಾಲು ಹಣ್ಣಿಗೆ ಒಪ್ಪಿದರು. ಈಗ ನನ್ನ ಉಪವಾಸದ ಸಂಕಲ್ಪದಲ್ಲಿ ಅವರನ್ನೂ ಸ್ಮರಿಸುತ್ತೇನೆ. ಆದುದರಿಂದ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರಿದ್ದಲ್ಲಿ, ವ್ರತದ ಬಗ್ಗೆ ತಮ್ಮ ಮಠದ ವಿದ್ವಾಂಸರನ್ನೂ ಮಾತ್ರೆಯ ಬಗ್ಗೆ ವೈದ್ಯರನ್ನೂ ಏಕಾದಶಿಗೆ ಮುಂಚೆಯೇ ಕೇಳತಕ್ಕದ್ದು. ಬೆವರು, ನಡುಕ, ತೊದಲು, ಭ್ರಮೆ ಕಂಡರೆ ಎಚ್ಚರವಿರುವವರಿಗೆ ಕೂಡಲೇ ಸಕ್ಕರೆಯ ನೀರು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ಎರಡು: ಚಾತುರ್ಮಾಸ್ಯ. ಶಾಕ, ದಧಿ, ಕ್ಷೀರ, ದ್ವಿದಳ ವ್ರತಗಳಲ್ಲಿ ತಿಂಗಳಿಗೊಂದು ಪದಾರ್ಥವನ್ನು ಬಿಡುವುದಷ್ಟೆ. ವೃದ್ಧರಿಗೆ ಮೊದಲೇ ಆಹಾರ ಕಡಿಮೆ. ಮೂರನೆಯ ತಿಂಗಳಲ್ಲಿ ಹಾಲು, ನಾಲ್ಕನೆಯ ತಿಂಗಳಲ್ಲಿ ಬೇಳೆ ಬಿಟ್ಟಾಗ ಅದರ ಸ್ಥಾನದಲ್ಲಿ ಏನು ಕೊಡಬೇಕೆಂಬುದನ್ನು ಮನೆಯವರು ಯೋಚಿಸಬೇಕು. ವಯಸ್ಸಾದವರಿಗೆ ಬಾಯಾರಿಕೆಯ ಅರಿವೂ ಕಡಿಮೆಯಾಗುವುದರಿಂದ, ಅವರು ಕೇಳದಿದ್ದರೂ ಹೊತ್ತುಹೊತ್ತಿಗೆ ನೀರು ಕೊಡತಕ್ಕದ್ದು.

ಮೂರು: ಮಡಿ. ಚಳಿಗಾಲದ ನಸುಕಿನಲ್ಲಿ ತಣ್ಣೀರಿನಲ್ಲಿ ಮಿಂದು, ಒದ್ದೆ ನೆಲದ ಮೇಲೆ ಕತ್ತಲಲ್ಲಿ ನಡೆದು ಮಡಿಸೀರೆ ತೆಗೆಯುವಾಗ ಬಿದ್ದವರು ಅನೇಕರು. ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ, ದಾರಿಯಲ್ಲಿ ಒಂದು ದೀಪ, ಕೈಗೆಟಕುವ ಎತ್ತರದಲ್ಲಿ ಮಡಿಕೋಲು, ಇಷ್ಟಾದರೆ ಮಡಿಯೂ ಉಳಿಯುತ್ತದೆ, ಮೂಳೆಯೂ ಉಳಿಯುತ್ತದೆ.

ನಾಲ್ಕು: ಹಂಚಿಕೆ. ಹಬ್ಬಕ್ಕೆ ಎಲ್ಲರೂ ಕೂಡಿದಾಗ ಪಂಚಾಂಗವನ್ನು ಮುಂದಿಟ್ಟುಕೊಂಡು, ಆರಾಧನೆ, ಶ್ರಾದ್ಧ, ಮದುವೆಗಳ ದಿನಗಳಲ್ಲಿ ತಾಯಿಯ ಬಳಿ ಯಾರಿರಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಮ್ಮಲ್ಲಿ ಈಗ ಅಕ್ಕ ಚನ್ನಗಿರಿಯಿಂದ ತಿಂಗಳಿಗೆ ನಾಲ್ಕು ದಿನ ಬರುತ್ತಾಳೆ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಪ್ರಯಾಣ ಉಚಿತವಾಗಿರುವುದು ಇದಕ್ಕೆ ಅನುಕೂಲವಾಗಿದೆ. ಆ ನಾಲ್ಕು ದಿನ ಮನೆಯಾಕೆ ಜಗಳೂರಿಗೆ ಹೋಗುತ್ತಾಳೆ. ಸೊಸೆಗೂ ವೃದ್ಧಳಾದ ತಾಯಿಯಿರುತ್ತಾಳೆಂಬುದನ್ನು ನಾವು ಮರೆಯುತ್ತೇವೆ. ನಮ್ಮ ತಾಯಿಯ ಸೇವೆಗಾಗಿ ಆಕೆಯ ತಾಯಿಯು ಅನಾಥಳಾಗುವುದಾದರೆ ಅದು ಧರ್ಮವೆನಿಸದು.

ಐದು: ಕಾನೂನು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ ಮೇರೆಗೆ, ಮಗನಷ್ಟೇ ಅಲ್ಲ, ಮಗಳೂ ವಯಸ್ಕರಾದ ಮೊಮ್ಮಕ್ಕಳೂ ಹಿರಿಯರ ಪೋಷಣೆಗೆ ಬಾಧ್ಯರು. ಉಪವಿಭಾಗ ಮಟ್ಟದ ನ್ಯಾಯಮಂಡಳಿಯು ತಿಂಗಳಿಗೆ 10,000 ರೂಪಾಯಿಗಳವರೆಗೆ ಜೀವನಾಂಶ ವಿಧಿಸಬಹುದು. ಹಿರಿಯರನ್ನು ತೊರೆದವರಿಗೆ ಮೂರು ತಿಂಗಳವರೆಗೆ ಸೆರೆಮನೆ ಅಥವಾ 5,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು. ನೊಂದ ಹಿರಿಯರು 14567 ಎಂಬ ಸಹಾಯವಾಣಿಗೆ ಕರೆ ಮಾಡಬಹುದು. ನಮ್ಮ ಯಾವ ಮನೆಯ ತಾಯಿಗೂ ಆ ಬಾಗಿಲಿಗೆ ಹೋಗುವ ಪ್ರಸಂಗ ಬಾರದಿರಲಿ. ನ್ಯಾಯಮಂಡಳಿಯು ಹಣವನ್ನು ಕೊಡಿಸಬಲ್ಲದು, ಕಾಲೊತ್ತುವ ಕೈಯನ್ನು ಕೊಡಿಸಲಾರದು.

ಮನನಕ್ಕಾಗಿ

ಪಾಠವನ್ನು ಓದಿ ಮುಗಿಸಿದ ಸಜ್ಜನರು ತಮ್ಮನ್ನು ತಾವೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ವಿಜ್ಞಾಪನೆ. ಇಂದು ನನ್ನ ತಾಯಿಯು ಏನನ್ನು ಉಂಡರು, ಎಷ್ಟು ಉಂಡರು? ಅವರ ಮಾತ್ರೆಗಳು ಯಾವುವು, ಯಾವ ಹೊತ್ತಿನವು? ನಾನು ಕೊನೆಯ ಬಾರಿ ಅವರ ಬಳಿ ನಿಂತಲ್ಲ, ಕುಳಿತು ಮಾತನಾಡಿದ್ದು ಯಾವಾಗ? ಮಕ್ಕಳಿಗೆ ಕೌಶಿಕನ ಕಥೆಯನ್ನು ಹೇಳಿ, ಅಂಗಡಿಯನ್ನು ಮುಚ್ಚದೆಯೂ ವ್ಯಾಧನು ಮಾತಾಪಿತೃಗಳನ್ನು ಹೇಗೆ ಪೂಜಿಸಿದನೆಂದು ಅವರಿಂದಲೇ ಹೇಳಿಸಿರಿ.

ಈಗ ನಾನು ನ್ಯಾಮತಿಗೆ ಹೊರಡುವ ಮುನ್ನ ಮಾತೃಶ್ರೀಯವರ ತಟ್ಟೆಯ ಎದುರು ಕಾಲು ಗಂಟೆ ಕುಳಿತುಕೊಳ್ಳುತ್ತೇನೆ. ಒಂಬತ್ತರ ಬಸ್ಸು ಕೆಲವು ದಿನ ತಪ್ಪುತ್ತದೆ. ಹತ್ತರ ಬಸ್ಸು ಇದ್ದೇ ಇದೆ.

ಶ್ರೀಕೃಷ್ಣಾರ್ಪಣಮಸ್ತು